ಕಾಂಡಕೋಶ ಪರಿಭಾಷೆಯ ಅನುವಾದ (ಇಂಗ್ಲಿಷ್–ಜರ್ಮನ್)

ಕಾಂಡಕೋಶ ಜೀವವಿಜ್ಞಾನದ ಕೆಲವು ಮೂಲಪದಗಳು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಭಾಷೆಯಲ್ಲಿ ಹುಟ್ಟಿ ಇಂಗ್ಲಿಷಿಗೆ ಬಂದವು. ಇಂದು ಸಂಶೋಧನಾ ಬರಹಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಪ್ರಕಟವಾಗುವುದರಿಂದ ಅನುವಾದಕರು ಅವೇ ಪದಗಳನ್ನು ಮರಳಿ ಜರ್ಮನ್‌ಗೆ ಒಯ್ಯಬೇಕಾಗಿದೆ. ಸೋದರ ಭಾಷೆಗಳಾದ ಇವೆರಡರಲ್ಲಿ ಪದಗಳ ರೂಪ ಹೋಲುತ್ತದೆ. ಅರ್ಥವ್ಯಾಪ್ತಿ ಯಾವಾಗಲೂ ಹೋಲುವುದಿಲ್ಲ.

ಪದದ ಮೂಲ

ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1868ರಲ್ಲಿ 'ಶ್ಟಮ್‌ಟ್ಸೆಲ್ಲೆ' ಎಂಬ ಪದವನ್ನು ಬಹುಕೋಶ ಜೀವಿಗಳೆಲ್ಲಕ್ಕೂ ಪೂರ್ವಜನಾದ ಏಕಕೋಶ ಜೀವಿಯನ್ನು ಕುರಿತು ಬಳಸಿದನು. ಮುಂದೆ 1877ರಲ್ಲಿ ಫಲಿತ ಅಂಡಕ್ಕೂ ಅದೇ ಹೆಸರನ್ನಿತ್ತನು. 'ಶ್ಟಮ್' ಎಂದರೆ ಮರದ ಬೊಡ್ಡೆ. ಕುಲ, ಬುಡಕಟ್ಟು, ಸಂತತಿ ಎಂಬ ಅರ್ಥಗಳೂ ಅದಕ್ಕಿವೆ. ವಂಶವೃಕ್ಷಕ್ಕೆ ಜರ್ಮನರು 'ಶ್ಟಮ್‌ಬೌಮ್' ಎನ್ನುತ್ತಾರೆ. ಇಂಗ್ಲಿಷಿನ 'ಸ್ಟೆಮ್' ಎಂಬಲ್ಲಿ ಕುಲದ ಅರ್ಥ ಮಸುಕಾಗಿ, ಗಿಡದ ದಂಟಿನ ಅರ್ಥವೇ ಎದ್ದು ಕಾಣುತ್ತದೆ. ಇಂಗ್ಲಿಷಿನ ದಾರಿಯಿಂದ ಪದವನ್ನು ಪಡೆದ ಕನ್ನಡವು 'ಕಾಂಡಕೋಶ' ಎಂದುದರಿಂದ, ಇದು ಸಸ್ಯದ ಕಾಂಡದಲ್ಲಿರುವ ಕೋಶವೆಂದು ಓದುಗರು ಭ್ರಮಿಸುವ ಸಂಭವವುಂಟು. ಬಳಕೆಯಲ್ಲಿರುವ ಇನ್ನೊಂದು ಪದ 'ಆಕರಕೋಶ' ಹೆಕೆಲನ ಆಶಯಕ್ಕೆ ಹೆಚ್ಚು ಹತ್ತಿರವಾದುದು. ಕೊಡಗಿನ ಓದುಗರು ಮೂಲಪುರುಷನಾದ ಕಾರಣನಿಂದ ಕವಲೊಡೆದು ಬೆಳೆದ 'ಒಕ್ಕ'ವನ್ನು ನೆನೆದರೆ 'ಶ್ಟಮ್' ಎಂಬುದರ ಭಾವ ಬೇಗನೆ ತಿಳಿಯುತ್ತದೆ.

ಸಾಮರ್ಥ್ಯಸೂಚಕ ಪದಗಳು

ಟೋಟಿಪೊಟೆಂಟ್, ಪ್ಲೂರಿಪೊಟೆಂಟ್, ಮಲ್ಟಿಪೊಟೆಂಟ್ ಎಂಬ ಲ್ಯಾಟಿನ್ ಮೂಲದ ಪದಗಳು ಎರಡೂ ಭಾಷೆಗಳಲ್ಲಿ ಒಂದೇ ರೀತಿ ಬರೆಯಲ್ಪಡುತ್ತವೆ. ಅನುವಾದಕನು ಎಚ್ಚರ ತಪ್ಪುವುದು ಇಲ್ಲಿಯೇ. ಮೊದಲನೆಯದು ಇಡೀ ಜೀವಿಯಾಗಿ ಬೆಳೆಯಬಲ್ಲ ಕೋಶ. ಎರಡನೆಯದು ದೇಹದ ಎಲ್ಲ ಬಗೆಯ ಕೋಶಗಳನ್ನೂ ಕೊಡಬಲ್ಲದಾದರೂ ತಾನೊಂದೇ ಜೀವಿಯಾಗಲಾರದು. ಮೂರನೆಯದು, ಅಸ್ಥಿಮಜ್ಜೆಯ ರಕ್ತೋತ್ಪಾದಕ ಕೋಶದಂತೆ, ಕೆಲವು ಸಂಬಂಧಿತ ಬಗೆಗಳನ್ನಷ್ಟೇ ಕೊಡುತ್ತದೆ. ಹಳೆಯ ಲೇಖನಗಳಲ್ಲಿ ಮೊದಲೆರಡು ಪದಗಳು ಪರಸ್ಪರ ಬೆರೆತಿರುವುದೂ ಉಂಟು. ಜರ್ಮನಿಯ 1990ರ ಭ್ರೂಣ ಸಂರಕ್ಷಣಾ ಕಾಯಿದೆಯ ಪ್ರಕಾರ, ಭ್ರೂಣದಿಂದ ತೆಗೆದ ಟೋಟಿಪೊಟೆಂಟ್ ಕೋಶವು, ಅನುಕೂಲ ಪರಿಸ್ಥಿತಿಯಲ್ಲಿ ವಿಭಜನೆಗೊಂಡು ಜೀವಿಯಾಗಿ ಬೆಳೆಯಬಲ್ಲದಾದರೆ, ಸ್ವತಃ ಭ್ರೂಣವೇ. ಆದುದರಿಂದ ಒಂದು ಪೂರ್ವಪ್ರತ್ಯಯ ತಪ್ಪಿದರೆ, ಅನುಮತಿಯಿರುವ ಪ್ರಯೋಗವು ಅನುವಾದದಲ್ಲಿ ಅಪರಾಧವಾಗಿ ತೋರಬಹುದು.

ಕನ್ನಡದಲ್ಲಿ ತೊಡಕು ಬೇರೊಂದು ಬಗೆಯದು: ಕೊನೆಯ ಎರಡು ಪದಗಳೂ 'ಬಹುಸಾಮರ್ಥ್ಯ' ಎಂದಾಗಿಬಿಡುತ್ತವೆ. ವಿವರಣೆ ಕೊಡದೆ ಇಲ್ಲಿ ಗತಿಯಿಲ್ಲ.

ಇತರ ಪದಗಳು

ಜರ್ಮನ್‌ನ 'ಕೈಮ್' ಎಂದರೆ ಮೊಳಕೆ. ರೋಗಾಣುವೆಂಬ ಅರ್ಥವೂ ಇದೆ. ಭ್ರೂಣದ ಪದರಕ್ಕೆ ಜರ್ಮನರ ಹೆಸರು 'ಕೈಮ್‌ಬ್ಲಾಟ್', ಅಂದರೆ ಮೊಳಕೆಯ ಎಲೆ. ಇಂಗ್ಲಿಷಿಗೆ ಬರುವಾಗ ಎಲೆ ಹೋಗಿ ಪದರ ಉಳಿಯಿತು. ಹೊಕ್ಕುಳಿನ ನಾಳ ಜರ್ಮನ್‌ನಲ್ಲಿ 'ಹೊಕ್ಕುಳ ಹಗ್ಗ', ನಮ್ಮಲ್ಲಿ ಹೊಕ್ಕುಳಬಳ್ಳಿ, ಬಳ್ಳಿಯೇ ಚೆಲುವು.

ಜರ್ಮನ್ ವೈದ್ಯರು ರೋಗಿಯೊಡನೆ 'ರಕ್ತದ ಮೂಲಕೋಶ' ಎಂಬರ್ಥದ ಸರಳ ಸಮಾಸವನ್ನೂ ಪ್ರಬಂಧಗಳಲ್ಲಿ ಗ್ರೀಕ್ ಮೂಲದ ಪದವನ್ನೂ ಬಳಸಬಲ್ಲರು. ಯಾವುದು ಯಾರಿಗೆಂಬುದನ್ನು ಅನುವಾದಕನೇ ಆರಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳ 2017ರ ಮಾರ್ಗಸೂಚಿಯು, ರಕ್ತಸಂಬಂಧಿ ರೋಗಗಳಿಗೆ ಮಾಡುವ ರಕ್ತೋತ್ಪಾದಕ ಕೋಶಗಳ ಕಸಿಯ ಹೊರತು, ಇತರ ಕಾಂಡಕೋಶ ಬಳಕೆಗಳನ್ನು ಪ್ರಾಯೋಗಿಕವೆಂದು ಪರಿಗಣಿಸುತ್ತದೆ. ಒಪ್ಪಿಗೆಪತ್ರದ ಕನ್ನಡದಲ್ಲಿ 'ಪ್ರಯೋಗ' ಎಂಬುದು 'ಚಿಕಿತ್ಸೆ' ಎಂದಾದರೆ, ರುಜು ಹಾಕುವವರು ತಾವು ಯಾವುದಕ್ಕೆ ಒಪ್ಪಿದೆವೆಂದು ತಿಳಿಯಲಾರರು.