ಮೆಟ್ಟುಗತ್ತಿಯ ಹರಿತದ ಲೆಕ್ಕ

ದೀಪಾವಳಿ ಕಳೆದು ಕೊನೆ ಇಳಿಯತೊಡಗಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಅಂಗಳದಲ್ಲಿ ಮೆಟ್ಟುಗತ್ತಿಗಳು ಹೊರಬರುತ್ತವೆ. ಮರದ ತುಂಡಿಗೆ ಕೂರಿಸಿದ ಸಣ್ಣ ಅಲಗು. ಮರವನ್ನು ಮೆಟ್ಟಿ ಹಿಡಿದು, ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಸುಲಿಯುವ ಯಂತ್ರಗಳು ಬಂದಿವೆ, ನಿಜ. ಆದರೂ ಮೆಟ್ಟುಗತ್ತಿ ಅಟ್ಟ ಸೇರಿಲ್ಲ. ಸುಲಿದಷ್ಟಕ್ಕೇ ಕೂಲಿ ಪಡೆಯುವವರಿಗೆ ಕತ್ತಿ ಮೊಂಡಾದರೆ ಅಂದಿನ ಗಳಿಕೆಯೇ ಇಳಿಯುತ್ತದೆ. ಜೊತೆಗೆ, ಬಲವಾಗಿ ಒತ್ತಿದಾಗ ಕಾಯಿ ಜಾರಿ ಬೆರಳು ಅಲಗಿಗೆ ಬೀಳುತ್ತದೆ.

ಮೊಂಡು ಕತ್ತಿಯೇ ಹೆಚ್ಚು ಅಪಾಯವೆಂದರೆ ಮಕ್ಕಳು ನಗುತ್ತಾರೆ. ಲೆಕ್ಕ ಹಾಕಿ ನೋಡೋಣ. ಅಂಚಿನ ದಪ್ಪ 0.01 ಮಿ.ಮೀ., ಕಾಯಿ ತಾಗುವ ಉದ್ದ 2 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದು ಕಿಲೋ ತೂಕದಷ್ಟು ಬಲ ಹಾಕಿದರೆ ಅಲ್ಲಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 500 ಪಟ್ಟು! ಅಂಚು ಸವೆದು 0.1 ಮಿ.ಮೀ. ಆಯಿತೋ, ಅದು 50 ಪಟ್ಟಿಗೆ ಇಳಿಯುತ್ತದೆ. ಉಳಿದದ್ದನ್ನು ತೋಳು ತುಂಬಿಕೊಡಬೇಕು.

ಹಿಂದಿನವರು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುತ್ತಿದ್ದರು. ಮೋಸ್ ಗಡಸುತನದ ಪಟ್ಟಿಯಲ್ಲಿ ಬೆಣಚುಕಲ್ಲಿಗೆ 7ನೇ ಸ್ಥಾನ; ಕತ್ತಿಯ ಉಕ್ಕು ಅದಕ್ಕಿಂತ ತುಸು ಮೆದು. ಈಗ ಅಂಗಡಿಯಲ್ಲಿ ಸಿಗುವ ಕಾರ್ಬೊರಂಡಂ ಕಲ್ಲು 9ನ್ನೂ ಮೀರಿದ್ದು. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಕೃತಕ ವಜ್ರ ಮಾಡಹೊರಟು ಪಡೆದ ವಸ್ತುವಿದು.

ಮನೆಯ ಸಣ್ಣ ಚೂರಿಯಲ್ಲಿ ಕಲಿಯುವುದು ಮೇಲು, ಅದೂ ಹಿರಿಯರ ಎದುರಿಗೇ. ಕಲ್ಲಿನಡಿ ಒದ್ದೆ ಬಟ್ಟೆ ಹಾಸಿ; ಜಾರುವುದಿಲ್ಲ. ಕೋನಕ್ಕೆ ಕೋನಮಾಪಕ ಬೇಡ. ಕಾಗದದ ಲಂಬಕೋನದ ಮೂಲೆಯನ್ನು ಎರಡು ಸಲ ಅರ್ಧಕ್ಕೆ ಮಡಚಿದರೆ ಇಪ್ಪತ್ತೆರಡೂವರೆ ಡಿಗ್ರಿ. ತರಕಾರಿ ಚೂರಿಗೆ ಅಷ್ಟು ಸಾಕು. ಅಂಚಿನ ಇಳಿಜಾರಿಗೆ ಸ್ಕೆಚ್ ಪೆನ್ ಬಣ್ಣ ಬಳಿದು ನಾಲ್ಕು ಸಲ ಉಜ್ಜಿ: ಬಣ್ಣ ತುದಿಯಲ್ಲಷ್ಟೇ ಅಳಿಸಿದರೆ ಚೂರಿ ಎತ್ತರವಾಗಿದೆ, ಮೇಲ್ಭಾಗದಲ್ಲಷ್ಟೇ ಅಳಿಸಿದರೆ ತೀರ ಮಲಗಿದೆ. ಒಂದು ಬದಿ ಮಸೆದಂತೆ ಇನ್ನೊಂದು ಬದಿಗೆ ಕೂದಲೆಳೆಯಷ್ಟು ಲೋಹ ಹೊರಳುತ್ತದೆ. ಅದು ಉದ್ದಕ್ಕೂ ಮೂಡಿದ ಮೇಲೇ ಮಗ್ಗುಲು ಬದಲಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಹತ್ತು ಸಲ ಈ ಕಡೆ, ಹತ್ತು ಸಲ ಆ ಕಡೆ ಎಂದು ಎಣಿಸುತ್ತಾ ಕೂರುತ್ತಾರೆ. ಕೊನೆಗೆ ಕಲ್ಲಿನ ನಯವಾದ ಮುಖ, ಆಮೇಲೆ ಹಳೆಯ ಚರ್ಮದ ಬೆಲ್ಟು. ಬೆಲ್ಟಿನ ಮೇಲೆ ಅಂಚು ಹಿಂದಾಗಿಯೇ ಸಾಗಬೇಕು.

ವಿದ್ಯುತ್ ಸಾಣೆಯ ಕಿಡಿ ನೋಡಲು ಚೆಂದ, ಆದರೆ ಕತ್ತಿಗೆ ಕೇಡು. ಕಮ್ಮಾರ ಅಲಗನ್ನು ಕೆಂಪಗೆ ಕಾಯಿಸಿ ಅದ್ದಿದಾಗ ಉಕ್ಕು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಆ ಪೆಡಸು ಹೋಗಲು ಮತ್ತೆ ಹದವಾಗಿ ಕಾಯಿಸುತ್ತಾನೆ: ಸುಮಾರು 230 ಡಿಗ್ರಿಯಲ್ಲಿ ಹುಲ್ಲಿನ ಬಣ್ಣ, 300ರ ಆಸುಪಾಸಿನಲ್ಲಿ ನೀಲಿ. ಸಾಣೆ ಚಕ್ರದಲ್ಲಿ ಅಂಚು ನೀಲಿಯಾಯಿತೆಂದರೆ ಅಲ್ಲಿನ ಹದ ಇಳಿಯಿತೆಂದೇ ಅರ್ಥ. ಎಷ್ಟು ಮಸೆದರೂ ಆ ಜಾಗ ಬೇಗ ಮೊಂಡಾಗುತ್ತದೆ.

ಹಿಡಿಯನ್ನೂ ಕೈಗೆ ತಕ್ಕಂತೆ ಮಾಡಿಕೊಳ್ಳಬಹುದು. ಒಣಗಿದ ಹಲಸಿನ ತುಂಡು, ಅರ, ಮರಳುಕಾಗದ ಸಾಕು. ಹಸಿ ಮರ ಬೇಡ, ಒಣಗಿದಂತೆ ಕುಗ್ಗಿ ಅಲಗು ಸಡಿಲವಾಗುತ್ತದೆ. ಹಿಡಿ ಕೂರಿಸುವಾಗ ಅಲಗಿಗೆ ದಪ್ಪ ಬಟ್ಟೆ ಸುತ್ತಿರಲಿ.

ಅಡಿಕೆ ಸುಲಿದ ಅಲಗು ಕಪ್ಪಾಗುವುದು ತುಕ್ಕಲ್ಲ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಆದ ಬಣ್ಣವದು. ಅಳಲೆಕಾಯಿ, ಅನ್ನಭೇದಿ ಬೆರೆಸಿ ಮಾಡುತ್ತಿದ್ದ ಹಳೆಯ ಶಾಯಿಯದೂ ಇದೇ ರಸಾಯನ. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ ಮಕ್ಕಳ ಕೈಗೆಟುಕದಲ್ಲಿ ತೂಗುಹಾಕಿ.