ಮಣ್ಣಿನ ಮೋಜಣಿಯ ನಕ್ಷೆಯಿಂದ ಜಮೀನಿನ ತರಗತಿಯನ್ನು ತಿಳಿಯುವ ಕ್ರಮ

ಒಂದೇ ಗ್ರಾಮದಲ್ಲಿ, ಒಂದೇ ಹದಮಳೆಗೆ, ಒಂದೇ ಜಾತಿಯ ರಾಗಿಯನ್ನು ಬಿತ್ತಿದ ಎರಡು ಹೊಲಗಳ ಪೈಕಿ, ಎರಡು ವಾರ ಮಳೆ ತಡೆದರೂ ಒಂದು ಹಸಿರಾಗಿ ನಿಲ್ಲುವುದು. ಮತ್ತೊಂದು ವಾರದೊಳಗೆ ಬಾಡಿಹೋಗುವುದು. ಇದು ರೈತರೆಲ್ಲರೂ ಕಂಡಿರುವ ಸಂಗತಿಯೇ. ಬೀಜ, ಗೊಬ್ಬರ, ಉಳುಮೆ ಇವು ಮೂರೂ ಸಮನಾಗಿದ್ದಲ್ಲಿ ಈ ಭೇದಕ್ಕೆ ಕಾರಣವು ನೆಲದಲ್ಲಿಯೇ ಇರತಕ್ಕದ್ದು. ಆ ಕಾರಣವನ್ನು ಬೆಳೆ ಕೆಟ್ಟಮೇಲೆ ಅರಿಯುವುದಕ್ಕಿಂತ ಬಿತ್ತುವುದಕ್ಕೆ ಮೊದಲೇ ಅರಿಯುವುದು ಲೇಸು. ಮಣ್ಣಿನ ಮೋಜಣಿಯ ನಕ್ಷೆಗಳು ಇದಕ್ಕೆ ಸಾಧನವಾಗಿವೆ. ಅವುಗಳನ್ನು ಓದುವ ಕ್ರಮವನ್ನೂ, ಅವುಗಳಿಂದ ಜಮೀನಿನ ತರಗತಿಯನ್ನು ನಿರ್ಣಯಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

೧. ಕಂದಾಯದ ತರಗತಿಯೂ ಬೇಸಾಯದ ತರಗತಿಯೂ

ನೆಲವನ್ನು ತರಗತಿಗಳಾಗಿ ವಿಂಗಡಿಸುವುದು ಈ ಸೀಮೆಗೆ ಹೊಸದಲ್ಲ. ಮುಂಬಯಿ ಆಧಿಪತ್ಯದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಢಿಗೆ ತಂದು, ೧೮೪೭ನೆಯ ಇಸವಿಯ ಜಂಟಿ ವರದಿಯಲ್ಲಿ ನಿಯಮಬದ್ಧವಾದ ಮೋಜಣಿಯ ಪದ್ಧತಿಯನ್ನೇ ಅನುಸರಿಸಿ, ಮೈಸೂರು ಸಂಸ್ಥಾನದಲ್ಲಿ ೧೮೬೩ರಲ್ಲಿ ಕಂದಾಯದ ಮೋಜಣಿಯು ಪ್ರಾರಂಭವಾಯಿತು. ಆ ನಿಯಮಗಳಂತೆ ಮಣ್ಣನ್ನು ಒಂಬತ್ತು ತರಗತಿಗಳಾಗಿ ಮಾಡಿ, ಅವುಗಳ ಬೆಲೆಯನ್ನು ಆಣೆಗಳಲ್ಲಿ ಹೇಳುತ್ತಿದ್ದರು. ಒಂದೂ ಮುಕ್ಕಾಲು ಮೊಳ, ಅಂದರೆ ಸುಮಾರು ಎರಡೂವರೆ ಅಡಿ ಆಳವುಳ್ಳ ಉತ್ತಮ ಮಣ್ಣಿಗೆ ೧೬ ಆಣೆ. ಆಳವು ಕಡಿಮೆಯಾದಂತೆಲ್ಲ ತರಗತಿಯೂ ಇಳಿದು, ಕಡೆಯದಕ್ಕೆ ೨ ಆಣೆ. ಸುಣ್ಣಕಲ್ಲಿನ ಹರಳು, ಮರಳಿನ ಬೆರಕೆ, ಇಳಿಜಾರು, ಮಣ್ಣಿನ ಕಣಗಳಿಗೆ ಅಂಟಿಲ್ಲದಿರುವುದು, ನೀರು ಇಂಗದಿರುವುದು, ಹರಿಯುವ ನೀರಿಗೆ ಕೊಚ್ಚಿಹೋಗುವುದು, ಊಟೆಯ ಜೌಗು ಎಂಬ ಏಳು ದೋಷಗಳಲ್ಲಿ ಒಂದೊಂದಕ್ಕೂ ಒಂದೊಂದು ತರಗತಿ ಇಳಿಸುತ್ತಿದ್ದರು. ಹೊಲವನ್ನು ಭಾಗಗಳಾಗಿ ಮಾಡಿ, ಪ್ರತಿ ಭಾಗದ ತರಗತಿಯನ್ನು ಕಂಡು, ಕೊನೆಗೆ ಎಲ್ಲದರ ಸರಾಸರಿಯನ್ನು ತೆಗೆಯುತ್ತಿದ್ದರು.

ಹೊಲ ಒಂದಕ್ಕೆ ಒಂದೇ ಮೊತ್ತದ ಕಂದಾಯವನ್ನು ನಿಗದಿ ಮಾಡುವುದಕ್ಕೆ ಸರಾಸರಿಯು ನ್ಯಾಯವಾದದ್ದೇ. ಆದರೆ ಬೇಸಾಯಕ್ಕೆ ಸರಾಸರಿಯು ಸಹಾಯವಾಗದು. ಪೈರಿನ ಬೇರು ತಾನು ನಿಂತ ಸ್ಥಳದ ಮಣ್ಣಿನಲ್ಲಿ ಮಾತ್ರ ಇಳಿಯಬಲ್ಲುದೇ ಹೊರತು ಹೊಲದ ಸರಾಸರಿಯಲ್ಲಿ ಇಳಿಯಲಾರದು. ಆದುದರಿಂದ ಬೇಸಾಯಕ್ಕಾಗಿ ಮಾಡುವ ವರ್ಗೀಕರಣದಲ್ಲಿ ಬೇರೊಂದು ಸೂತ್ರವನ್ನು ಅನುಸರಿಸುತ್ತಾರೆ. ಅದನ್ನು ಮುಂದೆ ಹೇಳಿದೆ.

೨. ನಕ್ಷೆಯ ಪ್ರಮಾಣ

ಯಾವ ನಕ್ಷೆಯನ್ನೇ ಆಗಲಿ ತೆಗೆದುಕೊಂಡ ಕೂಡಲೆ ಮೊದಲು ನೋಡತಕ್ಕದ್ದು ಅದರ ಪ್ರಮಾಣ. ಒಂದಕ್ಕೆ ೨,೫೦,೦೦೦ ಎಂಬ ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರು ಎರಡೂವರೆ ಕಿಲೋಮೀಟರಿಗೆ ಸಮ. ಚೌಕಾಕಾರದ ಒಂದು ಎಕರೆಯ ಪಕ್ಕವು ಅದರಲ್ಲಿ ಕಾಲು ಮಿಲ್ಲಿಮೀಟರು ಮಾತ್ರ. ಅಂದರೆ ಲೇಖನಿಯ ಗೆರೆಯೊಳಗೆ ಹೊಲವೇ ಮರೆಯಾಗುವುದು. ಇಂಥ ನಕ್ಷೆಯು ಜಿಲ್ಲೆಯ ಮಣ್ಣಿನ ಸ್ವರೂಪವನ್ನು ತಿಳಿಯುವುದಕ್ಕೆ ಉಪಯುಕ್ತವೇ ಹೊರತು ಸರ್ವೆ ನಂಬರಿನ ತರಗತಿಯನ್ನು ನಿರ್ಣಯಿಸುವುದಕ್ಕೆ ಅಲ್ಲ.

ಗ್ರಾಮದ ನಕ್ಷೆಗಳ ಪ್ರಮಾಣವು ಸಾಮಾನ್ಯವಾಗಿ ಒಂದಕ್ಕೆ ೭,೯೨೦. ಇದು ಮೈಲಿಗೆ ಎಂಟು ಅಂಗುಲದ ಲೆಕ್ಕ. ಇದರಲ್ಲಿ ಒಂದು ಅಂಗುಲವು ಒಂದು ಫರ್ಲಾಂಗು. ಒಂದು ಚದರಂಗುಲವು ಸರಿಯಾಗಿ ೧೦ ಎಕರೆ. ಒಂದು ಗುಂಟೆಯ ಪಕ್ಕವಾದ ೩೩ ಅಡಿಯು ಅಂಗುಲದ ಇಪ್ಪತ್ತನೆಯ ಒಂದು ಪಾಲಾಗುವುದು. ೧೯೭೬ರಲ್ಲಿ ನಾಗಪುರದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ಬೆಂಗಳೂರು ಶಾಖೆಯೂ ಕೃಷಿ ವಿಶ್ವವಿದ್ಯಾಲಯಗಳೂ ಸೇರಿ, ಕರ್ನಾಟಕದ ಸುಜಲಾ ಮೂರನೆಯ ಯೋಜನೆಯಲ್ಲಿ, ೨೦೧೦ರ ದಶಕದಲ್ಲಿ ಹಲವು ಜಿಲ್ಲೆಗಳ ಕಿರುಜಲಾನಯನಗಳಿಗೆ ಸಿದ್ಧಪಡಿಸಿದ ಮಣ್ಣಿನ ನಕ್ಷೆಗಳು ಈ ಪ್ರಮಾಣದವೇ. ಸರ್ವೆ ನಂಬರುಗಳ ಗೆರೆಗಳ ಮೇಲೆಯೇ ಮಣ್ಣಿನ ಎಲ್ಲೆಗಳನ್ನು ಎಳೆದಿರುವುದರಿಂದ ರೈತನು ತನ್ನ ಹೊಲವನ್ನು ಅವುಗಳಲ್ಲಿ ಗುರುತಿಸಬಹುದು.

೩. ನಕ್ಷೆಯ ಗುರುತುಗಳು

ಈ ನಕ್ಷೆಗಳಲ್ಲಿ ಪ್ರತಿಯೊಂದು ತುಂಡು ನೆಲಕ್ಕೂ ಅಕ್ಷರ ಮತ್ತು ಅಂಕೆಗಳು ಸೇರಿದ ಒಂದು ಗುರುತು ಇರುತ್ತದೆ. ಮೊದಲ ಅಕ್ಷರಗಳು ಮಣ್ಣಿನ ಸರಣಿಯ ಹೆಸರನ್ನು ಸೂಚಿಸುತ್ತವೆ. ಗುಂಡಿ ತೋಡಿದಾಗ ಮೇಲಿನಿಂದ ಕೆಳಗಿನವರೆಗೆ ಒಂದೇ ಬಗೆಯ ಪದರಗಳನ್ನು ತೋರಿಸುವ ಮಣ್ಣುಗಳ ಗುಂಪಿಗೆ ಸರಣಿಯೆಂದು ಹೆಸರು. ಸರಣಿಯನ್ನು ತಿಳಿದರೆ ಮಣ್ಣಿನ ಆಳವೂ ಒಳಪದರದ ಸ್ವಭಾವವೂ ತಿಳಿಯುವುವು. ಆಮೇಲಿನ ಗುರುತುಗಳು ಕ್ರಮವಾಗಿ ನಾಲ್ಕು ಸಂಗತಿಗಳನ್ನು ತಿಳಿಸುತ್ತವೆ.

(ಅ) ಮೇಲ್ಮಣ್ಣಿನ ಕಣರಚನೆ: ‘ಸಿ’ ಎಂದರೆ ಮರಳು ಮಿಶ್ರಿತ ಗೋಡು, ‘ಎಚ್’ ಎಂದರೆ ಮರಳು ಮಿಶ್ರಿತ ಜೇಡಿಗೋಡು, ‘ಎಂ’ ಎಂದರೆ ಜೇಡಿ.

(ಆ) ಇಳಿಜಾರು: ‘ಎ’ ಎಂದರೆ ನೂರು ಅಡಿಗೆ ಒಂದು ಅಡಿಯವರೆಗೆ ಇಳಿತ, ‘ಬಿ’ ಎಂದರೆ ಒಂದರಿಂದ ಮೂರು ಅಡಿ, ‘ಸಿ’ ಎಂದರೆ ಮೂರರಿಂದ ಐದು ಅಡಿ.

(ಇ) ಕೊಚ್ಚಣೆ: ೧ ಎಂದರೆ ಅಲ್ಪ, ೨ ಎಂದರೆ ಮಧ್ಯಮ, ೩ ಎಂದರೆ ತೀವ್ರ.

(ಈ) ಗರಸು: ‘ಜಿ೧’ ಎಂದರೆ ನೂರಕ್ಕೆ ೧೫ರಿಂದ ೩೫ ಪಾಲು, ‘ಜಿ೨’ ಎಂದರೆ ೩೫ರಿಂದ ೬೦ ಪಾಲು.

ಹೀಗೆ ಸರಣಿಯ ಹೆಸರಿನ ಮುಂದೆ ‘ಎಚ್ ಬಿ ೨ ಜಿ೧’ ಎಂದಿದ್ದರೆ, ಆ ನೆಲವು ಮರಳು ಮಿಶ್ರಿತ ಜೇಡಿಗೋಡಿನದೆಂದೂ, ನೂರಕ್ಕೆ ಒಂದರಿಂದ ಮೂರರಷ್ಟು ಇಳಿಜಾರುಳ್ಳದ್ದೆಂದೂ, ಮಧ್ಯಮವಾಗಿ ಕೊಚ್ಚಿಹೋಗಿರುವುದೆಂದೂ, ಗರಸುಳ್ಳದ್ದೆಂದೂ ಓದತಕ್ಕದ್ದು.

ಆಳದ ಲೆಕ್ಕವು ಹೀಗಿದೆ: ೨೫ ಸೆಂಟಿಮೀಟರಿಗೆ, ಅಂದರೆ ಸುಮಾರು ಹತ್ತು ಅಂಗುಲಕ್ಕೆ ಕಡಿಮೆಯಾದುದು ಅತಿ ತೆಳುಮಣ್ಣು, ೫೦ರವರೆಗೆ ತೆಳುಮಣ್ಣು, ೭೫ರವರೆಗೆ ಸಾಧಾರಣ ತೆಳುಮಣ್ಣು, ೧೦೦ರವರೆಗೆ ಸಾಧಾರಣ ಆಳದ ಮಣ್ಣು, ೧೫೦ರವರೆಗೆ ಆಳವಾದ ಮಣ್ಣು, ಅದಕ್ಕೆ ಮೇಲ್ಪಟ್ಟದ್ದು ಅತಿ ಆಳವಾದ ಮಣ್ಣು.

೪. ಎಂಟು ತರಗತಿಗಳು

ಮೇಲ್ಕಂಡ ಸಂಗತಿಗಳನ್ನು ಆಧಾರ ಮಾಡಿಕೊಂಡು ನೆಲವನ್ನು ಎಂಟು ತರಗತಿಗಳಾಗಿ ವಿಂಗಡಿಸುತ್ತಾರೆ. ಈ ಪದ್ಧತಿಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಣ್ಣು ಸಂರಕ್ಷಣೆಯ ಇಲಾಖೆಯಲ್ಲಿ ಬೆಳೆದು, ೧೯೬೧ರಲ್ಲಿ ಕೈಪಿಡಿಯಾಗಿ ಪ್ರಕಟವಾಯಿತು. ಭರತಖಂಡದ ಮೋಜಣಿಯಲ್ಲಿಯೂ ಬಳಕೆಗೆ ಬಂದಿದೆ.

ಮೊದಲನೆಯ ನಾಲ್ಕು ತರಗತಿಗಳು ಉಳುಮೆಗೆ ತಕ್ಕವು. ೧ನೆಯದಕ್ಕೆ ಹೇಳಿಕೊಳ್ಳುವಂಥ ದೋಷವಿಲ್ಲ. ೨ನೆಯದಕ್ಕೆ ಸಾಧಾರಣ ಎಚ್ಚರಿಕೆ ಸಾಕು. ೩ನೆಯದರಲ್ಲಿ ಬೆಳೆಗಳ ಆಯ್ಕೆಯು ಕಡಿಮೆಯಾಗಿ, ಬದು ಮೊದಲಾದ ರಕ್ಷಣೆಯ ಕೆಲಸವು ಅಗತ್ಯವಾಗುವುದು. ೪ನೆಯದನ್ನು ಬಹಳ ಎಚ್ಚರಿಕೆಯಿಂದ, ಕೆಲವೇ ಬೆಳೆಗಳಿಗೆ ಉಳಬಹುದು. ೫ನೆಯದು ಹೆಚ್ಚು ಕಡಮೆ ಸಮತಟ್ಟಾಗಿದ್ದರೂ ಜೌಗಿನಿಂದಲೋ ಬಂಡೆಗಳಿಂದಲೋ ನೇಗಿಲಿಗೆ ಒಗ್ಗದ ನೆಲ. ೬ ಮತ್ತು ೭ನೆಯ ತರಗತಿಗಳು ಹುಲ್ಲಿಗೂ ಮರಗಳಿಗೂ ಬಿಡತಕ್ಕವು. ೮ನೆಯದು ಬಂಡೆ, ಕೊರಕಲು ಮುಂತಾದುದು.

ತರಗತಿಯ ಅಂಕೆಯ ಮುಂದಿನ ಅಕ್ಷರವು ದೋಷವನ್ನು ಹೇಳುತ್ತದೆ. ‘ಇ’ ಎಂದರೆ ಕೊಚ್ಚಣೆ, ‘ಡಬ್ಲ್ಯು’ ಎಂದರೆ ನೀರು ನಿಲ್ಲುವುದು, ‘ಎಸ್’ ಎಂದರೆ ಮಣ್ಣಿನ ಆಳ, ಗರಸು, ಚೌಳು ಮುಂತಾದುದು, ‘ಸಿ’ ಎಂದರೆ ಹವೆಯ ಪ್ರತಿಕೂಲ. ಅಂಕೆಗಿಂತಲೂ ಈ ಅಕ್ಷರವೇ ರೈತನಿಗೆ ಹೆಚ್ಚು ಪ್ರಯೋಜನಕಾರಿ. ಏಕೆಂದರೆ ಅಂಕೆಯು ರೋಗದ ತೀವ್ರತೆಯನ್ನು ಮಾತ್ರ ಹೇಳುವುದು, ಅಕ್ಷರವು ರೋಗದ ಹೆಸರನ್ನೇ ಹೇಳುವುದು.

೫. ತರಗತಿಯನ್ನು ನಿರ್ಣಯಿಸುವ ಸೂತ್ರ

ಈ ಪದ್ಧತಿಯ ಮುಖ್ಯ ಸೂತ್ರವು ಇಷ್ಟೇ: ನೆಲದ ದೋಷಗಳಲ್ಲಿ ಯಾವುದು ಅತ್ಯಂತ ಕಠಿನವಾದುದೋ ಅದೇ ತರಗತಿಯನ್ನು ನಿರ್ಣಯಿಸುವುದು. ಕಣರಚನೆಯೂ ಇಳಿಜಾರೂ ಉತ್ತಮವಾಗಿದ್ದು ಆಳವೊಂದು ಸಾಲದಿದ್ದರೆ, ಉಳಿದ ಗುಣಗಳು ಆ ಕೊರತೆಯನ್ನು ತುಂಬಲಾರವು. ಕೊಡದ ಬಾಯಿ ಎಷ್ಟು ಎತ್ತರವಿದ್ದರೂ ನೀರು ನಿಲ್ಲುವುದು ತೂತು ಇರುವ ಮಟ್ಟದವರೆಗೆ ಮಾತ್ರ ಎಂಬಂತೆ ಇದನ್ನು ತಿಳಿಯತಕ್ಕದ್ದು.

೬. ಉದಾಹರಣೆ

ನಾಲ್ಕು ಎಕರೆಯ ಒಂದು ಕೆಂಪುಭೂಮಿಯ ಖುಷ್ಕಿ ಹೊಲವಿದೆಯೆಂದು ಇಟ್ಟುಕೊಳ್ಳೋಣ. ಕೆಳಗಿನ ಮೂರು ಎಕರೆಯಲ್ಲಿ ಮಣ್ಣು ೯೦ ಸೆಂಟಿಮೀಟರು ಆಳ, ಇಳಿಜಾರು ನೂರಕ್ಕೆ ಎರಡು, ಕೊಚ್ಚಣೆ ಮಧ್ಯಮ. ದಿಣ್ಣೆಯ ಕಡೆಯ ಮೇಲಿನ ಒಂದು ಎಕರೆಯಲ್ಲಿ ಆಳ ೩೦ ಸೆಂಟಿಮೀಟರು, ಗರಸು ನೂರಕ್ಕೆ ೪೦ ಪಾಲು, ಇಳಿಜಾರು ನಾಲ್ಕು, ಕೊಚ್ಚಣೆ ತೀವ್ರ. ಹಳೆಯ ಆಣೆಯ ಲೆಕ್ಕದಲ್ಲಿ ಕೆಳಗಿನದಕ್ಕೆ ೧೨ ಆಣೆ, ಮೇಲಿನದಕ್ಕೆ ೬ ಆಣೆ ಎಂದರೆ ಇಡೀ ಹೊಲದ ಸರಾಸರಿ ಹತ್ತೂವರೆ ಆಣೆ. ಕಾಗದದಲ್ಲಿ ಅದು ಮಧ್ಯಮ ಹೊಲ. ಬೇಸಾಯದ ವರ್ಗೀಕರಣದಲ್ಲಾದರೋ ಅದು ಒಂದು ಹೊಲವಲ್ಲ, ಎರಡು: ಕೆಳಗಿನದು ‘೨ ಇ’, ಮೇಲಿನದು ‘೪ ಇಎಸ್’.

ಇದರ ಫಲವು ಮಳೆ ತಡೆದಾಗ ಕಾಣುವುದು. ಕೆಳಗಿನ ಮಣ್ಣು ಮೀಟರು ಆಳಕ್ಕೆ ೧೨೦ ಮಿಲ್ಲಿಮೀಟರು ನೀರನ್ನು ಪೈರಿಗೆ ಒದಗಿಸುವುದೆಂದರೆ, ೯೦ ಸೆಂಟಿಮೀಟರಿನಲ್ಲಿ ೧೦೮ ಮಿಲ್ಲಿಮೀಟರು. ಮೇಲಿನ ಗರಸುಮಣ್ಣು ಮೀಟರಿಗೆ ೮೦ರಂತೆ ಒದಗಿಸಿದರೆ ೩೦ ಸೆಂಟಿಮೀಟರಿನಲ್ಲಿ ೨೪ ಮಿಲ್ಲಿಮೀಟರು ಮಾತ್ರ. ಬೆಳೆದು ನಿಂತ ಪೈರಿಗೆ ದಿನಕ್ಕೆ ನಾಲ್ಕೈದು ಮಿಲ್ಲಿಮೀಟರು ಬೇಕಾದಲ್ಲಿ, ಕೆಳಗಿನ ನೆಲದ ನೀರು ಮೂರು ವಾರಗಳಿಗೂ ಸಾಲುವುದು. ಮೇಲಿನದು ಐದಾರು ದಿನಗಳಲ್ಲಿ ಮುಗಿಯುವುದು. ಮೇಲಿನ ಎಕರೆಗೆ ಹಾಕಿದ ಬೀಜ, ಗೊಬ್ಬರ, ಕೂಲಿ ಇವೆಲ್ಲವೂ ಆರನೆಯ ದಿನದ ಮಳೆಯನ್ನು ನಂಬಿ ಇಟ್ಟ ಪಣವಾಗುವುವು. ಅಲ್ಲದೆ, ಅಲ್ಲಿ ಇಳಿಜಾರಿಗೆ ನೇರವಾಗಿ ಉತ್ತಲ್ಲಿ ಪ್ರತಿ ಬಿರುಮಳೆಯೂ ಮಣ್ಣನ್ನು ಒಯ್ಯುವುದು. ೩೦ ಸೆಂಟಿಮೀಟರು ೨೫ ಆದ ದಿವಸ ಆ ನೆಲವು ಇನ್ನೂ ಕೆಳಗಿನ ತರಗತಿಗೆ ಜಾರುವುದು. ಹೀಗೆ ಹೋದ ಮಣ್ಣು ಕಲ್ಲು ಸವೆದು ಪುನಃ ಹುಟ್ಟಬೇಕಾದರೆ ಅನೇಕ ತಲೆಮಾರುಗಳು ಬೇಕು.

೭. ತಿದ್ದಬಹುದಾದ ದೋಷ, ತಿದ್ದಲಾಗದ ದೋಷ

ತರಗತಿಯನ್ನು ಕಂಡಮೇಲೆ ಅದರ ದೋಷವು ತಿದ್ದತಕ್ಕದ್ದೋ ಅಲ್ಲವೋ ಎಂಬುದನ್ನು ವಿಚಾರಿಸಬೇಕು. ನಿಂತ ನೀರನ್ನು ಬಸಿಗಾಲುವೆಯಿಂದ ತೆಗೆಯಬಹುದು. ಸೋಡಿಯಮ್ಮಿನಿಂದ ಕೆಟ್ಟ ಕರಲು ನೆಲವನ್ನು ಜಿಪ್ಸಮ್ಮಿನಿಂದಲೂ ಬಸಿಯುವಿಕೆಯಿಂದಲೂ ಸರಿಪಡಿಸಬಹುದು. ಇಳಿಜಾರಿನ ಕೆಡುಕನ್ನು ಸಮಪಾತಳಿಯ ಬದುಗಳಿಂದಲೂ ಅಡ್ಡ ಉಳುಮೆಯಿಂದಲೂ ತಗ್ಗಿಸಬಹುದು. ಆದರೆ ಬಂಡೆಯ ಮೇಲಿನ ತೆಳುಮಣ್ಣನ್ನು ಆಳ ಮಾಡುವ ಉಪಾಯವು ಸಾಮಾನ್ಯ ರೈತನ ಕೈಯಲ್ಲಿಲ್ಲ. ಕೆರೆಯ ಗೋಡನ್ನು ಹೊಡೆದರೆ ನೀರು ಹಿಡಿಯುವ ಶಕ್ತಿಯು ಸ್ವಲ್ಪ ಹೆಚ್ಚುವುದು, ಆಳವು ಹೆಚ್ಚಾಗದು. ತಿದ್ದಬಹುದಾದ ದೋಷಕ್ಕೆ ಹಣವನ್ನು ಹಾಕುವುದು, ತಿದ್ದಲಾಗದ ದೋಷಕ್ಕೆ ಬೆಳೆಯನ್ನು ಬದಲಿಸುವುದು, ಇದೇ ವಿವೇಕ. ಮೇಲಿನ ಉದಾಹರಣೆಯ ದಿಣ್ಣೆಯ ಎಕರೆಗೆ ಅಲ್ಪಾವಧಿಯ ಹುರುಳಿ, ಮೇವಿನ ಹುಲ್ಲು, ಅಂಚಿಗೆ ಹೊಂಗೆ, ಸೀತಾಫಲ ಇವು ತಕ್ಕವು. ಒಂದೇ ಹಿಡುವಳಿಯುಳ್ಳ ಬಡ ರೈತನು ಎಕರೆಯನ್ನು ಹುಲ್ಲಿಗೆ ಬಿಡುವುದೆಂತು ಎಂದು ಶಂಕಿಸಬಹುದು. ಆದರೆ ಅಲ್ಲಿ ಉಳಿದ ಗೊಬ್ಬರವನ್ನು ಕೆಳಗಿನ ಮೂರು ಎಕರೆಗೆ ಹಾಕಬಹುದು, ಮೇಲಿನ ಹುಲ್ಲು ದನಗಳಿಗಾಗುವುದು, ಕೆಳಗಿನ ಹೊಲಕ್ಕೆ ನುಗ್ಗುವ ನೀರೂ ನಿಧಾನವಾಗುವುದು.

೮. ತರಗತಿಯು ಹೇಳದಿರುವ ಸಂಗತಿಗಳು

ತರಗತಿಯು ಜಮೀನಿನ ಕ್ರಯವಲ್ಲ. ರಸ್ತೆ, ಸಂತೆ ಇವುಗಳ ದೂರವು ಅದರಲ್ಲಿ ಸೇರಿಲ್ಲ. ಅದು ರೈತನ ದಕ್ಷತೆಯ ಅಳತೆಯೂ ಅಲ್ಲ. ಗೊಬ್ಬರದಿಂದ ಸುಲಭವಾಗಿ ತುಂಬಬಹುದಾದ ಸಾರದ ಕೊರತೆಯನ್ನು ಅದರಲ್ಲಿ ಗಣಿಸುವುದಿಲ್ಲ. ಅದಕ್ಕೆ ಮಣ್ಣಿನ ಪರೀಕ್ಷೆಯೇ ಬೇರೆ. ಕಂದಾಯದ ದಾಖಲೆಯ ‘ಖರಾಬು’ ಎಂಬ ಮಾತನ್ನು ೮ನೆಯ ತರಗತಿಯೊಂದಿಗೆ ಬೆರೆಸಬಾರದು. ರಸ್ತೆ, ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗದ ನೆಲವೂ ಖರಾಬಿನಲ್ಲಿ ಸೇರಿರುವುದುಂಟು. ಎಂಟು ತರಗತಿಗಳು ಸಾಮಾನ್ಯ ಬೇಸಾಯಕ್ಕೆ ಅನ್ವಯಿಸುವುವೇ ಹೊರತು ನಿರ್ದಿಷ್ಟ ಬೆಳೆಗಲ್ಲ. ಬೆಳೆವಾರು ಯೋಗ್ಯತೆಗೆ ೧೯೭೬ರಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯು ಬೇರೆ ಕ್ರಮವನ್ನು ಪ್ರಕಟಿಸಿತು: ‘ಎಸ್೧’ ಬಹಳ ಯೋಗ್ಯ, ‘ಎಸ್೨’ ಸಾಧಾರಣ, ‘ಎಸ್೩’ ಅಲ್ಪಯೋಗ್ಯ, ‘ಎನ್’ ಅಯೋಗ್ಯ. ಒಂದೇ ನೆಲವು ರಾಗಿಗೆ ಯೋಗ್ಯವೂ, ಆಳಕ್ಕೆ ಬೇರು ಬಿಡುವ ಮಾವಿಗೆ ಅಯೋಗ್ಯವೂ ಆಗಬಹುದು.

೯. ರೈತರು ಮಾಡತಕ್ಕದ್ದು

(೧) ತಮ್ಮ ಗ್ರಾಮಕ್ಕೆ ಮಣ್ಣಿನ ನಕ್ಷೆಯಾಗಿದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ತಮ್ಮ ಸರ್ವೆ ನಂಬರಿನ ಗುರುತನ್ನು ಬರೆದುಕೊಳ್ಳತಕ್ಕದ್ದು.

(೨) ನಕ್ಷೆಯ ಮಾತನ್ನು ಹಾರೆಯಿಂದ ಪರೀಕ್ಷಿಸತಕ್ಕದ್ದು. ಮೋಜಣಿಯವರು ಪ್ರತಿ ಹೊಲದಲ್ಲಿಯೂ ಗುಂಡಿ ತೋಡುವುದಿಲ್ಲ. ಎಲ್ಲೆಯ ಗೆರೆಯು ಕೆಲವು ಗಜಗಳಷ್ಟು ಆಚೀಚೆ ಇರಬಹುದು. ಹೊಲದ ಮೇಲೆ, ನಡುವೆ, ಕೆಳಗೆ ಮೂರು ಅಡಿಯ ಮೂರು ಗುಂಡಿಗಳನ್ನು ತೋಡಿ, ಗರಸು ಅಥವಾ ಬಂಡೆ ಸಿಕ್ಕುವ ಆಳವನ್ನು ಅಳೆಯತಕ್ಕದ್ದು.

(೩) ಗುಂಡಿಗಳು ಬೇರೆಬೇರೆ ಆಳವನ್ನು ತೋರಿದರೆ, ಹೊಲವನ್ನು ಅದರಂತೆ ಭಾಗ ಮಾಡಿ ಪ್ರತಿಯೊಂದಕ್ಕೂ ತಕ್ಕ ಬೆಳೆಯನ್ನು ಗೊತ್ತುಮಾಡತಕ್ಕದ್ದು.

(೪) ಬಾವಿ, ತೋಟ ಮುಂತಾದ ಹೆಚ್ಚಿನ ವೆಚ್ಚದ ಕೆಲಸಕ್ಕೆ ಸಾಲ ಮಾಡುವ ಮುಂಚೆ ನೆಲದ ತರಗತಿಯನ್ನೂ ದೋಷದ ಅಕ್ಷರವನ್ನೂ ನೋಡತಕ್ಕದ್ದು.

(೫) ೧ ಮತ್ತು ೨ನೆಯ ತರಗತಿಯ ನೆಲವನ್ನು ಮನೆಯ ನಿವೇಶನಕ್ಕೂ ಇಟ್ಟಿಗೆಯ ಗೂಡಿಗೂ ಕೊಡುವ ಮೊದಲು ಎರಡು ಬಾರಿ ಆಲೋಚಿಸತಕ್ಕದ್ದು. ಮನೆಯು ದಿಣ್ಣೆಯ ಗರಸಿನ ಮೇಲೂ ನಿಲ್ಲಬಲ್ಲುದು. ರಾಗಿಯು ಅಲ್ಲಿ ನಿಲ್ಲಲಾರದು.