ಭೂಕಂಪವೂ ಮನೆಯ ಕೀಲುಗಳೂ

ಯಾದಗಿರಿಯು 2009ನೆಯ ಇಸವಿಯ ಕೊನೆಗೆ ಗುಲ್ಬರ್ಗದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮಣ್ಣಿನ ಮಾಳಿಗೆಗಳು ಇಳಿದು ಸಿಮೆಂಟಿನ ಮಹಡಿಗಳು ಏಳುತ್ತಿರುವದನ್ನು ನಮ್ಮ ವಾಚಕರು ದಿನಾಲು ನೋಡುತ್ತಿರುವರು. ಕೆಳಗೆ ಅಂಗಡಿಗಳಿಗಾಗಿ ಬರಿಯ ಕಂಬಗಳು, ಮೇಲೆ ಎರಡು ಮೂರು ಅಂತಸ್ತು ಇಟ್ಟಿಗೆಯ ಗೋಡೆ. ಇದೇ ಈಗಿನ ಮಾದರಿ. ಇದನ್ನು ಅಭ್ಯುದಯದ ಚಿಹ್ನವೆಂದು ಎಣಿಸುವದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಕಂಬವೂ ತೊಲೆಯೂ ಕೂಡುವಲ್ಲಿ ಏನಿದೆ, ನೆಲವು ನಡುಗಿದ ದಿವಸ ಆ ಕೀಲು ಏನು ಮಾಡುವದು, ಎಂದು ಕೇಳುವವರು ಮಾತ್ರ ವಿರಳ. ಯಾರಾದರೂ ಕೇಳಿದರೆ, "ನಮ್ಮಲ್ಲಿ ಎಲ್ಲಿಯ ಭೂಕಂಪ?" ಎಂಬ ಉತ್ತರವು ಸಿದ್ಧವಾಗಿರುತ್ತದೆ.

1993ನೆಯ ಸಪ್ಟೆಂಬರ 29ರ ರಾತ್ರಿ ಕಿಲ್ಲಾರಿಯವರೂ ಇದೇ ಉತ್ತರವನ್ನು ಕೊಡಬಹುದಾಗಿತ್ತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನರು ಮಲಗಿದ್ದರು. ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ 6.2 ಪ್ರಮಾಣದ ಕಂಪನವಾಯಿತು. ಲಾತೂರ, ಉಸ್ಮಾನಾಬಾದ ಸೀಮೆಗಳಲ್ಲಿ ಹತ್ತು ಸಾವಿರಕ್ಕೆ ಸಮೀಪದಷ್ಟು ಜನರು ಮಡಿದರು. ಅಂದಿನ ಸರಕಾರಿ ನಕ್ಷೆಯಲ್ಲಿ ಆ ಪ್ರದೇಶವು ಎಲ್ಲಕ್ಕಿಂತ ಕಡಿಮೆ ಭಯದ ಒಂದನೆಯ ವಲಯದಲ್ಲಿತ್ತೆಂಬದನ್ನು ವಾಚಕರು ಗಮನಿಸಬೇಕು. 2002ನೆಯ ಇಸವಿಯ ನಕ್ಷೆಯಲ್ಲಿ ಒಂದನೆಯ ವಲಯವೆಂಬದನ್ನೇ ತೆಗೆದುಹಾಕಿ, ಗುಲ್ಬರ್ಗವನ್ನು ಎರಡನೆಯದರಲ್ಲಿ ಇಟ್ಟರು. ಕಿಲ್ಲಾರಿಯಿಂದ ಯಾದಗಿರಿಗೆ ನೇರ ಅಂತರವು ಸುಮಾರು 150 ಕಿಲೋಮೀಟರು. ನಡುವೆ ಇರುವ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ 2021ನೆಯ ಅಕ್ಟೋಬರದಲ್ಲಿ ಮೇಲಿಂದ ಮೇಲೆ ನೆಲ ಕಂಪಿಸಿ, ಜನರು ಮನೆಯೊಳಗೆ ಮಲಗಲು ಅಂಜಿದ್ದು ಇನ್ನೂ ಹಳೆಯ ಸುದ್ದಿಯಾಗಿಲ್ಲ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಭೂಮಿಯಲ್ಲ, ಗೋಡೆ. ಎರಡು ಮೂರು ಅಡಿ ದಪ್ಪದ ಗೋಡೆಗಳನ್ನು ದುಂಡುಗಲ್ಲುಗಳಿಂದ, ಕೆಸರು ಮಣ್ಣಿನಲ್ಲಿ, ಒಳಮುಖ ಹೊರಮುಖಗಳನ್ನು ಬೇರೆಬೇರೆಯಾಗಿ ಕಟ್ಟಿದ್ದರು. ಎರಡನ್ನೂ ಹೊಲಿಯುವ ಉದ್ದಗಲ್ಲುಗಳು ಇರಲಿಲ್ಲ. ಮೇಲೆ ಮಳೆಗೂ ಬಿಸಿಲಿಗೂ ಆಸರೆಯೆಂದು ವರ್ಷಕ್ಕೊಮ್ಮೆ ಹಾಕುತ್ತ ಬಂದ ಮಣ್ಣಿನ ಭಾರ. ನೆಲ ಅಲುಗಿದೊಡನೆ ಗೋಡೆಯು ಎರಡು ಹೋಳಾಗಿ ಬಿಚ್ಚಿತು, ಮಣ್ಣೆಲ್ಲ ಮಲಗಿದವರ ಮೇಲೆ ಬಿದ್ದಿತು. ಆದರೆ ಅದೇ ಊರುಗಳಲ್ಲಿ ಇನ್ನೊಂದು ಸಂಗತಿಯೂ ಪರೀಕ್ಷಕರ ಕಣ್ಣಿಗೆ ಬಿದ್ದಿತು. ಮರಾಠಿಯಲ್ಲಿ ಖಣವೆಂದೂ ನಮ್ಮಲ್ಲಿ ಅಂಕಣವೆಂದೂ ಕರೆಯುವ, ಮರದ ಕಂಬಗಳ ಮೇಲೆ ತೊಲೆ ಜಂತೆಗಳನ್ನು ಹೊರಿಸಿದ ಮನೆಗಳಲ್ಲಿ ಎಷ್ಟೋ ಕಡೆಗೆ ಗೋಡೆಗಳು ಉದುರಿಹೋದರೂ ಮರದ ಚೌಕಟ್ಟು ಮಾಳಿಗೆಯನ್ನು ಹೊತ್ತುಕೊಂಡು ನಿಂತಿತ್ತು.

ನಿಂತದ್ದೇಕೆ? ಮರವು ಹಗುರವೂ ಬಾಗುವಂಥದೂ ಆಗಿರುವದು ಒಂದು ಕಾರಣ. ಇನ್ನೊಂದು ಕಾರಣವು ಕೀಲಿನಲ್ಲಿದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ಸಂದಿನಲ್ಲಿ ಬೆಣೆ. ಇವು ಒಂದರ ಮೇಲೊಂದು ಭಾರದಿಂದ ಕುಳಿತಿರುತ್ತವೆ. ಸಣ್ಣ ತಳ್ಳುವಿಕೆಗೆ ಅಲುಗುವದಿಲ್ಲ. ದೊಡ್ಡದಕ್ಕೆ ಕೂದಲೆಳೆಯಷ್ಟು ಜಾರಿ, ತಿಕ್ಕಿ, ಮತ್ತೆ ನಿಲ್ಲುತ್ತವೆ. ಆ ತಿಕ್ಕಾಟದಲ್ಲಿ ಭೂಮಿಯು ಮನೆಗೆ ಕೊಟ್ಟ ಶಕ್ತಿಯು ಶಾಖವಾಗಿ ಕಳೆದುಹೋಗುವದು. ಇಳಿಜಾರಿನಲ್ಲಿ ಬಂಡಿಯ ಗಾಲಿಗೆ ಮರದ ತುಂಡನ್ನು ಒತ್ತಿಹಿಡಿದು ಅದರ ವೇಗವನ್ನು ಕಳೆಯುವದು ಇದೇ ತತ್ತ್ವದಿಂದ. ಶಹಾಪುರ ತಾಲೂಕಿನ ಶಿರವಾಳದ ಹಳೆಯ ದೇವಾಲಯಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಕೂಡಿಸಿದ್ದನ್ನು ನೋಡಿದವರಿಗೆ ಈ ಮಾತು ಬೇಗನೆ ತಿಳಿಯುವದು. ಹಾಗೆಂದು ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಎದೆಯುಬ್ಬಿಸುವವರಲ್ಲಿ ನಾವಿಲ್ಲ. ಕಂಪನವು ಬಲವಾದರೆ ಕಲ್ಲು ಜಾರಿ ಬಿದ್ದೇ ಬೀಳುವದು, ಗೆದ್ದಲು ಹಿಡಿದ ಕಂಬವು ಯಾರನ್ನೂ ಕಾಯಲಾರದು.

ಹಿರಿಯರು ಲೆಕ್ಕವಿಲ್ಲದೆ ಪಡೆದ ಈ ಗುಣವನ್ನು ಲೆಕ್ಕಮಾಡಿ ಪಡೆಯುವದೇ ಈಗಿನ ಯಂತ್ರಶಾಸ್ತ್ರದ ಹೊಸ ಕ್ರಮ. ಉಕ್ಕಿನ ಎರಡು ತಗಡುಗಳ ನಡುವೆ ತಿಕ್ಕಾಟದ ಪದರನ್ನಿಟ್ಟು, ದುಂಡಾದ ರಂಧ್ರಕ್ಕೆ ಬದಲಾಗಿ ಉದ್ದನೆಯ ರಂಧ್ರವನ್ನು ಕೊರೆದು, ಬೋಲ್ಟಿನಿಂದ ಗೊತ್ತಾದ ಬಿಗಿಯಲ್ಲಿ ಒತ್ತುವರು. ಗಾಳಿಯ ಒತ್ತಡಕ್ಕೆ ಆ ಕೀಲು ಜಾರಕೂಡದು. ಕಂಬ ತೊಲೆಗಳು ಕೆಡುವ ಮೊದಲೇ ಅದು ಜಾರಬೇಕು. ಈ ಎರಡರ ನಡುವಿನ ಬಲವನ್ನು ಆರಿಸುವದರಲ್ಲಿಯೇ ಎಂಜಿನಿಯರನ ಜಾಣ್ಮೆ. ಒಂದು ಕೀಲು 10 ಟನ್ ಬಲಕ್ಕೆ ಜಾರುವದೆಂದು ತಿಳಿಯೋಣ. ಅದು ಆಚೆ ಈಚೆ ಒಂದೊಂದು ಸೆಂಟಿಮೀಟರು ಸರಿದರೆ, ಒಂದು ಪೂರ್ತಿ ಸುತ್ತಿನಲ್ಲಿ 4 ಸೆಂಟಿಮೀಟರು ನಡೆದಂತಾಯಿತು. ಅಷ್ಟರಲ್ಲಿ ಅದು ನುಂಗುವ ಶಕ್ತಿಯು ಒಂದು ಟನ್ ಭಾರವನ್ನು 40 ಸೆಂಟಿಮೀಟರು ಎತ್ತುವಷ್ಟು. ಇಂಥ ಕೀಲುಗಳು ಹತ್ತಾರು ಇದ್ದು, ಇಂಥ ಸುತ್ತುಗಳು ಹತ್ತಾರು ನಡೆದರೆ ಕಟ್ಟಡದ ತೂಗಾಟವು ಎಷ್ಟು ಇಳಿಯುವದೆಂಬದನ್ನು ವಾಚಕರೇ ಊಹಿಸಬಹುದು.

ಸಾಮಾನ್ಯ ಚೌಕಟ್ಟಿನಲ್ಲಿ ಇದೇ ಶಕ್ತಿಯನ್ನು ತೊಲೆಯ ತುದಿಯು ತಾನೇ ಬಾಗಿ, ಬಿರಿದು ನುಂಗಬೇಕಾಗುವದು. ಜನರು ಬದುಕುವರು, ಕಟ್ಟಡವು ಮಾತ್ರ ಕೆಲಸಕ್ಕೆ ಬಾರದಂತಾಗಬಹುದು. ಬಾಗುವದೆಂದು ನಂಬಿದ ಬೆಸುಗೆಯ ಉಕ್ಕಿನ ಕೀಲುಗಳು 1994ನೆಯ ಜನವರಿಯಲ್ಲಿ ಕ್ಯಾಲಿಫೋರ್ನಿಯದ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಬಾಗದೆ ಸೀಳಿಹೋದದ್ದು ಪಂಡಿತರನ್ನೇ ಬೆಚ್ಚಿಬೀಳಿಸಿತು. ಅದಕ್ಕೂ ಮೊದಲೇ, 1982ರಲ್ಲಿ, ಕೆನಡಾ ದೇಶದಲ್ಲಿ ಅವತಾರ ಪಾಲ್ ಮತ್ತು ಸೆಡ್ರಿಕ್ ಮಾರ್ಷ್ ಎಂಬವರು ಚೌಕಟ್ಟಿನ ಓರೆಪಟ್ಟಿಗಳ ನಡುವೆ ತಿಕ್ಕಾಟದ ಕೀಲನ್ನಿಡುವ ಕ್ರಮವನ್ನು ಪ್ರಕಟಿಸಿದ್ದರು. ಮಾಂಟ್ರಿಯಲ್‌ದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದನ್ನು ಬಳಸಿದರು. ನಮ್ಮ ದೇಶದಲ್ಲಿಯೂ ಗುರುಗ್ರಾಮದ ಲಾ ಗಾರ್ಡೇನಿಯಾ ವಸತಿಗೋಪುರಗಳಲ್ಲಿ ಅದಿದೆ. ನ್ಯೂಜಿಲಂಡಿನ ಚಾರ್ಲ್ಸ್ ಕ್ಲಿಫ್ಟನ್‌ರು ತೊಲೆಯ ಮೇಲಂಚನ್ನು ಕಂಬಕ್ಕೆ ತಿರುಗಣಿಯಂತೆ ಹಿಡಿಸಿ, ಕೆಳಗಿನ ಅಂಚು ಮಾತ್ರ ಜಾರುವಂತೆ ಮಾಡಿದರು. ಹೀಗೆ ಮಾಡಿದ್ದರಿಂದ ಮೇಲಿನ ನೆಲಗಟ್ಟು ಬಿರಿಯುವದು ಕಡಿಮೆಯಾಗುವದು.

ಆಕ್ಷೇಪಣೆಗಳೂ ಇವೆ. ತುಕ್ಕು ಹಿಡಿದರೆ ತಿಕ್ಕಾಟದ ಬಲವು ಬದಲಾಗುವದು. ಕಾಲಕ್ರಮದಲ್ಲಿ ಬೋಲ್ಟಿನ ಬಿಗಿಯು ಸಡಿಲಬಹುದು. ಬಹಳ ದಿವಸ ಅಲುಗದೆ ಇದ್ದ ತಗಡುಗಳು ಕಚ್ಚಿಕೊಳ್ಳಬಹುದು. ಜಾರಿದ ಕೀಲು ತಾನಾಗಿ ಮೊದಲಿನ ಸ್ಥಳಕ್ಕೆ ಮರಳುವದೆಂಬ ನಂಬಿಗೆಯೂ ಇಲ್ಲ. ಕಟ್ಟಡವು ತುಸು ವಾಲಿಯೇ ಉಳಿಯಬಹುದು. ಆದುದರಿಂದ ಈ ಕೀಲನ್ನು ಇಟ್ಟು ಮರೆಯುವವರಿಗಿಂತ ಇಡದೆ ಇದ್ದವರೇ ಮೇಲು. ಒಂದು ಅಂತಸ್ತಿನ ಮನೆ ಕಟ್ಟುವ ಗೃಹಸ್ಥನಿಗೆ ಇದರ ಗೊಡವೆಯೇ ಬೇಡ; ವೆಚ್ಚವೂ ಅವನಿಗೆ ನಿಲುಕದು.

ಆ ಗೃಹಸ್ಥನಿಗೆ ಬೇಕಾದದ್ದು ಭಾರತೀಯ ಮಾನಕ ಸಂಸ್ಥೆಯು 1993ರಲ್ಲಿಯೇ ಹೊರಡಿಸಿದ, ಕಡಿಮೆ ಬಲದ ಕಲ್ಲು ಇಟ್ಟಿಗೆಯ ಕಟ್ಟಡಗಳ ಸೂಚನೆಗಳಲ್ಲಿದೆ. ಗೋಡೆಯ ಎರಡೂ ಮುಖಗಳನ್ನು ಹಿಡಿಯುವ ಉದ್ದಗಲ್ಲು, ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತ ತುಂಡಾಗದೆ ಓಡುವ ಪಟ್ಟಿ, ಹಗುರಾದ ಮೇಲ್ಛಾವಣಿ, ಇಷ್ಟೇ. ಇವನ್ನು ಊರಿನ ಗೌಂಡಿಯು ಮಾಡಬಲ್ಲನು. ನಮಗೆ ವ್ಯಸನವಾಗುವದು ಬೇರೊಂದು ಪದ್ಧತಿಯನ್ನು ನೋಡಿ. ಗಟ್ಟಿಯಾದ ಅಂಕಣದ ಮನೆಯ ಕಂಬ ತೊಲೆಗಳನ್ನು ಕಿತ್ತು ಮಾರಿ, ಅದೇ ಮಣ್ಣುಗಾರೆಯ ಹಳೆಯ ಗೋಡೆಗಳ ಮೇಲೆ ಉಕ್ಕಿನ ತೊಲೆಗಳನ್ನೂ ಶಹಾಬಾದಿ ಫರಸಿಯನ್ನೂ ಹೇರುವವರು ಮನೆಯನ್ನು ಸುಧಾರಿಸಿದೆವೆಂದು ತಿಳಿಯುತ್ತಾರೆ. ಕಿಲ್ಲಾರಿಯಲ್ಲಿ ನಿಂತದ್ದನ್ನು ತೆಗೆದು, ಬಿದ್ದದ್ದನ್ನು ಉಳಿಸಿಕೊಂಡಂತಾಯಿತು.

ಆದರೆ ಆಸ್ಪತ್ರೆಯ ಮಾತು ಬೇರೆ. ಭೂಕಂಪವಾದ ಬೆಳಿಗ್ಗೆ ಗಾಯಗೊಂಡವರು ಬರುವದು ಅಲ್ಲಿಗೇ. ಅದು ಬೀಳದೆ ಇದ್ದರಷ್ಟೇ ಸಾಲದು, ಅದರ ಶಸ್ತ್ರಕ್ರಿಯೆಯ ಕೋಣೆಯು ಅಂದೇ ಕೆಲಸ ಮಾಡಬೇಕು. ಅಂಥ ಬಹು ಅಂತಸ್ತಿನ ಕಟ್ಟಡಗಳ ನಕ್ಷೆಗಳನ್ನು ಸಿದ್ಧಪಡಿಸುವಾಗ, ಎರಡನೆಯ ವಲಯವೆಂಬ ಸಮಾಧಾನದಿಂದ ಕಾಗದವನ್ನು ಮಡಚಿಡದೆ, ಜಾರುವ ಕೀಲುಗಳಿಂದ ಆಗುವ ವೆಚ್ಚವನ್ನೂ ಲಾಭವನ್ನೂ ಒಮ್ಮೆ ಲೆಕ್ಕಹಾಕಿಸಿ ನೋಡಬೇಕೆಂದು ನಾವು ಅಧಿಕಾರಿಗಳನ್ನು ಕೇಳುತ್ತೇವೆ. ಕೀಲನ್ನು ಇಡುವದೆಂದು ನಿಶ್ಚಯವಾದರೆ, ಬೋಲ್ಟಿನ ಬಿಗಿಯನ್ನು ಎಷ್ಟು ವರ್ಷಕ್ಕೊಮ್ಮೆ ಯಾರು ಪರೀಕ್ಷಿಸತಕ್ಕದ್ದು, ಅದರ ಖರ್ಚು ಯಾವ ಬಾಬಿನಿಂದ ಬರತಕ್ಕದ್ದು ಎಂಬದನ್ನು ಗುತ್ತಿಗೆಯ ಕರಾರಿನಲ್ಲಿಯೇ ಬರೆದಿಡಬೇಕು.